ಕಣ್ಣು ಬೇಗ ಬಿಟ್ಟ ಇಲಿಮರಿಗಳು

ಇಲಿಮರಿ ಹುಟ್ಟುವಾಗ ಕಣ್ಣು ಬಿಟ್ಟಿರುವುದಿಲ್ಲ. ಕೂದಲಿಲ್ಲದ, ಒಂದು ಒಂದೂವರೆ ಗ್ರಾಂ ತೂಗುವ ಆ ಗುಲಾಬಿ ಬಣ್ಣದ ಜೀವದ ಮೇಲ್ರೆಪ್ಪೆ ಕೆಳರೆಪ್ಪೆಗೆ ಹೊಲಿಗೆ ಹಾಕಿದಂತೆ ಅಂಟಿಕೊಂಡಿರುತ್ತದೆ. ಹನ್ನೆರಡು, ಹದಿನಾಲ್ಕು ದಿನ ಕಳೆದ ಮೇಲೆ ಆ ಅಂಟು ಬಿರಿದು ಮರಿ ಕಣ್ಣು ಬಿಡುತ್ತದೆ. 1950ರ ದಶಕದ ಕೊನೆಯಲ್ಲಿ ಸ್ಟಾನ್ಲಿ ಕೋಹೆನ್ ಎಂಬ ಜೀವರಸಾಯನ ವಿಜ್ಞಾನಿಯ ಪಂಜರದಲ್ಲಿ ಕೆಲವು ಮರಿಗಳು ಏಳನೇ ದಿನಕ್ಕೇ ಕಣ್ಣು ಬಿಟ್ಟವು. ಹಲ್ಲೂ ಬೇಗ ಮೂಡಿತು.

ಕೋಹೆನ್ ಆಗ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ನರಗಳನ್ನು ಬೆಳೆಸುವ ಒಂದು ಪ್ರೊಟೀನಿನ ಬೆನ್ನು ಹತ್ತಿದ್ದರು. ಗಂಡು ಇಲಿಯ ಜೊಲ್ಲಿನ ಗ್ರಂಥಿಯಲ್ಲಿ ಅದು ಹೇರಳವಾಗಿತ್ತು. ಅದರ ಸಾರವನ್ನು ಎಳೆಮರಿಗಳಿಗೆ ಚುಚ್ಚಿದಾಗ ನರದ ಜೊತೆಗೆ ರೆಪ್ಪೆಗೂ ಏನೋ ಆಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸಾರದಲ್ಲಿ ಕಲ್ಮಶ ಸೇರಿದೆ ಎಂದು ಕೈಬಿಡುತ್ತಿದ್ದರೇನೋ. ಕೋಹೆನ್ ಆ ಕಲ್ಮಶವನ್ನೇ ಬೇರ್ಪಡಿಸುತ್ತಾ ಹೋದರು. 1962ರಲ್ಲಿ ಅದನ್ನು ಶುದ್ಧ ರೂಪದಲ್ಲಿ ವರದಿ ಮಾಡಿದರು. 53 ಅಮೈನೋ ಆಮ್ಲಗಳ ಪುಟ್ಟ ಪ್ರೊಟೀನ್ ಅದು. ಚರ್ಮದ ಹೊರಪದರವನ್ನು ಬೆಳೆಸುವುದರಿಂದ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇಜಿಎಫ್ ಎಂಬ ಹೆಸರು ಬಂತು. 1986ರ ನೊಬೆಲ್ ಇವರಿಬ್ಬರಿಗೂ ಸೇರಿ ಸಿಕ್ಕಿತು.

ರೆಪ್ಪೆಯ ಕೋಶಕ್ಕೆ ಇಜಿಎಫ್ ಬಂದದ್ದು ಗೊತ್ತಾಗುವುದು ಹೇಗೆ? ಕೋಶದ ಸುತ್ತ ಕೊಬ್ಬಿನ ಪೊರೆ ಇದೆ. ಪ್ರೊಟೀನ್ ಅದನ್ನು ದಾಟಿ ಒಳಗೆ ಹೋಗಲಾರದು. ಹಾಗಾಗಿ ಪೊರೆಯಲ್ಲೇ ನಾಟಿಕೊಂಡು, ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ ಚಾಚಿಕೊಂಡ ಬೇರೊಂದು ಪ್ರೊಟೀನ್ ಬೇಕು. ಪಠ್ಯಪುಸ್ತಕಗಳು ಅದನ್ನು ಗ್ರಾಹಕ ಎನ್ನುತ್ತವೆ. ಆ ಪದ ಕೇಳಿದರೆ ನನಗೆ ಅಂಗಡಿಯಲ್ಲಿ ಬಿಲ್ ಹಿಡಿದು ನಿಂತವರೇ ಕಣ್ಣಿಗೆ ಕಟ್ಟುತ್ತಾರೆ. ಆದ್ದರಿಂದ ಇಲ್ಲಿ ರಿಸೆಪ್ಟರ್ ಎಂದೇ ಕರೆಯುತ್ತೇನೆ.

ಇಜಿಎಫ್ ರಿಸೆಪ್ಟರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಒಂಟಿ ರಿಸೆಪ್ಟರ್ ಪೊರೆಯಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಇಜಿಎಫ್ ಬಂದು ಹೊರತುದಿಗೆ ಕೂತರೆ ಅದರ ಆಕಾರ ತಿರುಚಿಕೊಂಡು, ತನ್ನಂಥದೇ ಇನ್ನೊಂದು ರಿಸೆಪ್ಟರಿಗೆ ಆತುಕೊಳ್ಳುತ್ತದೆ. ಜೋಡಿಯಾದ ಕ್ಷಣ ಒಳಗಿನ ಬಾಲಗಳಲ್ಲಿರುವ ಕಿಣ್ವಕ್ಕೆ ಜೀವ ಬಂದು, ಒಂದು ಇನ್ನೊಂದರ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆ ಫಾಸ್ಫೇಟುಗಳಿಗೆ ಒಳಗಿನ ಪ್ರೊಟೀನುಗಳು ಬಂದು ಕಚ್ಚಿಕೊಳ್ಳುತ್ತವೆ, ಒಂದರಿಂದ ಒಂದಕ್ಕೆ ಸುದ್ದಿ ಹೋಗಿ ಕೊನೆಗೆ ಕೋಶಕೇಂದ್ರದಲ್ಲಿ ಜೀನುಗಳು ಎದ್ದು ಕೂರುತ್ತವೆ. ವಿಭಜಿಸು, ಸರಿದು ಹೋಗು, ಸಾಯಬೇಡ ಎಂಬಂಥ ಆದೇಶಗಳು ಹೊರಡುವುದು ಅಲ್ಲಿಂದ. ಇಷ್ಟು ಎಲ್ಲರೂ ಹೇಳುತ್ತಾರೆ. ಇದರ ಇನ್ನರ್ಧ ಭಾಗ ಅಷ್ಟೇ ಮುಖ್ಯ: ಸುದ್ದಿ ಮುಟ್ಟಿಸಿದ ರಿಸೆಪ್ಟರನ್ನು ಕೋಶ ಪೊರೆಯ ಸಮೇತ ಒಳಗೆ ಎಳೆದುಕೊಂಡು ಅರಗಿಸಿಬಿಡುತ್ತದೆ. ಕೂಗು ಎಷ್ಟೇ ಜೋರಾಗಿದ್ದರೂ ಸ್ವಲ್ಪ ಹೊತ್ತಿಗೆ ಕೋಶಕ್ಕೆ ಕಿವುಡು. ಭ್ರೂಣ ಅಚ್ಚುಕಟ್ಟಾಗಿ ಬೆಳೆಯುವುದಕ್ಕೆ ಈ ಕಿವುಡು ಬಹಳ ದೊಡ್ಡ ಆಧಾರ.

ಇದು ಕೈಕೊಟ್ಟರೆ ಏನಾಗುತ್ತದೆ ಎಂಬುದು ಗೊತ್ತಾದದ್ದು ಕೋಳಿಯಿಂದ. ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ ಇದೆ. ಕ್ಯಾನ್ಸರಿಗೆ ಕಾರಣವಾಗುವ ಅದರ ಜೀನಿಗೆ ಎರ್ಬ್‌-ಬಿ ಎಂದು ಹೆಸರಿಟ್ಟಿದ್ದರು. 1984ರಲ್ಲಿ ಲಂಡನ್ನಿನ ಮೈಕೆಲ್ ವಾಟರ್‌ಫೀಲ್ಡ್ ತಂಡ ಮನುಷ್ಯರ ಇಜಿಎಫ್ ರಿಸೆಪ್ಟರಿನ ಅಮೈನೋ ಆಮ್ಲಗಳ ಸಾಲನ್ನು ಓದಿ ಹೋಲಿಸಿ ನೋಡಿದರೆ ಎರ್ಬ್‌-ಬಿ ಅದೇ ಪ್ರೊಟೀನು, ಹೊರತುದಿಯ ಬಹುಪಾಲು ಮಾತ್ರ ಇಲ್ಲ. ವೈರಸ್ ಎಂದೋ ಕೋಳಿಯ ಕೋಶದಿಂದ ರಿಸೆಪ್ಟರಿನ ಜೀನನ್ನು ಕದ್ದಿತ್ತು, ಕದಿಯುವಾಗ ಕಿವಿ ಕತ್ತರಿಸಿ ಬಾಯಿ ಮಾತ್ರ ಉಳಿಸಿಕೊಂಡಿತ್ತು. ಯಾರೂ ಏನೂ ಹೇಳದಿದ್ದರೂ ಅದು ‘ವಿಭಜಿಸು’ ಎಂದು ಕೂಗುತ್ತಲೇ ಇರುತ್ತದೆ. ಮನುಷ್ಯರ ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಗಡ್ಡೆಗಳು ಕೆಲವು ಹೆಚ್ಚುಕಡಿಮೆ ಇದೇ ಉಪಾಯ ಹೂಡುತ್ತವೆ, ವೈರಸ್ಸಿನ ಹಂಗಿಲ್ಲದೆ. ಇನ್ನು ಕೆಲವು ಗಡ್ಡೆಗಳದು ಇನ್ನೂ ಸರಳ ದಾರಿ: ರಿಸೆಪ್ಟರಿನ ಸಂಖ್ಯೆಯನ್ನೇ ಏರಿಸುವುದು. ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬೆಳೆಸುತ್ತಿರುವ ಎ431 ಎಂಬ ಗಡ್ಡೆಯ ಕೋಶಗಳಲ್ಲಿ ಒಂದೊಂದರ ಮೇಲೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಇಜಿಎಫ್ ರಿಸೆಪ್ಟರುಗಳಿವೆ. ಅಷ್ಟು ಒತ್ತಾಗಿದ್ದರೆ ಯಾರೂ ಕರೆಯದಿದ್ದರೂ ಜೋಡಿಯಾಗುತ್ತವೆ.

ಹಾಗಾದರೆ ಈ ರಿಸೆಪ್ಟರಿನ ನಿಜವಾದ ಕಸುಬೇನು? ಅದನ್ನು ಪೂರ್ತಿ ತೆಗೆದುಹಾಕಿ ನೋಡಬೇಕು. ಇಲಿ ಇಷ್ಟೊಂದು ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಗರ್ಭ 19-20 ದಿನಕ್ಕೆ ತುಂಬುತ್ತದೆ, ಜೀನುಗಳು ನಮ್ಮವನ್ನೇ ಹೋಲುತ್ತವೆ. ಜೊತೆಗೆ 1980ರ ದಶಕದ ಕೊನೆಯಿಂದ ಬೇಕಾದ ಒಂದು ಜೀನನ್ನು ಗುರಿಯಿಟ್ಟು ಕೆಡಿಸಿದ ‘ನಾಕೌಟ್’ ಇಲಿಗಳನ್ನು ಹುಟ್ಟಿಸಬಹುದು. 1995ರಲ್ಲಿ ಇಜಿಎಫ್ ರಿಸೆಪ್ಟರ್ ಇಲ್ಲದ ಇಲಿಗಳು ಬಂದಾಗ ಉತ್ತರ ಒಂದಾಗಿರಲಿಲ್ಲ. ಒಂದು ತಳಿಯಲ್ಲಿ ಭ್ರೂಣಗಳು ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೇ ಸತ್ತವು. ಇನ್ನೊಂದರಲ್ಲಿ ಮಾಸು ಕೆಟ್ಟು ನಡುಗರ್ಭದಲ್ಲಿ ಸತ್ತವು. ಮತ್ತೊಂದರಲ್ಲಿ ಹುಟ್ಟಿ ಮೂರು ವಾರದವರೆಗೂ ಬದುಕಿದವು. ಕೆಡಿಸಿದ ಜೀನು ಒಂದೇ, ತಳಿಯ ಉಳಿದ ಜೀನುಗಳು ಬೇರೆ. ಒಂದು ಜೀನಿಗೆ ಒಂದು ಕೆಲಸ ಎಂದು ನಂಬಿದವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಹುಟ್ಟಿ ಬದುಕಿದ ಆ ಮರಿಗಳನ್ನು ನೋಡಿ: ಅವು ಹುಟ್ಟುವಾಗಲೇ ಕಣ್ಣು ತೆರೆದಿದ್ದವು. ಮೇಲ್ನೋಟಕ್ಕೆ ವಿಚಿತ್ರ. ಇಜಿಎಫ್ ಹೆಚ್ಚು ಕೊಟ್ಟರೂ ಕಣ್ಣು ಬೇಗ ತೆರೆಯುತ್ತದೆ, ಅದರ ರಿಸೆಪ್ಟರ್ ಕಿತ್ತುಹಾಕಿದರೂ ತೆರೆದೇ ಇರುತ್ತದೆ! ಗುಟ್ಟು ಇರುವುದು ದಿನಗಳಲ್ಲಿ. ಗರ್ಭದಲ್ಲಿ ಹದಿನಾರನೇ ದಿನದ ಆಸುಪಾಸು ರೆಪ್ಪೆಯಂಚಿನ ಚರ್ಮದ ಕೋಶಗಳು ಕಣ್ಣಿನ ಮೇಲೆ ತೆವಳಿಕೊಂಡು ಬಂದು ನಡುವೆ ಕೂಡಿಕೊಳ್ಳುತ್ತವೆ. ಆ ತೆವಳುವಿಕೆಗೆ ಈ ರಿಸೆಪ್ಟರ್ ಬೇಕು. ಹುಟ್ಟಿದ ಮೇಲೆ ಅದೇ ಚರ್ಮ ಬಲಿತು ಪದರಗಟ್ಟಿ ಬಿರಿಯುವುದಕ್ಕೂ ಅದೇ ಸಂಕೇತ ಸಾಕು. ಆದೇಶ ಒಂದೇ, ಕೇಳಿಸಿಕೊಂಡ ಕೋಶದ ವಯಸ್ಸು ಬೇರೆ. ಇದೇ ರಿಸೆಪ್ಟರಿನ ಕಿಣ್ವ ಪೂರ್ತಿ ಸಾಯದೆ ಸೋತು ಹೋದ ‘ವೇವ್ಡ್-2’ ಎಂಬ ಹಳೆಯ ತಳಿಯ ಇಲಿಗಳಿವೆ. ಅವುಗಳ ಮೀಸೆ ಸುರುಳಿ, ಮೈಗೂದಲು ಅಲೆಯಲೆ. ಈಗ ಶ್ವಾಸಕೋಶದ ಕ್ಯಾನ್ಸರಿಗೆ ಇಜಿಎಫ್ ರಿಸೆಪ್ಟರನ್ನು ತಡೆಯುವ ಗುಳಿಗೆ ತೆಗೆದುಕೊಳ್ಳುವವರ ಅಡ್ಡಪರಿಣಾಮಗಳ ಪಟ್ಟಿ ತೆಗೆದು ಓದಿ. ಚರ್ಮದಲ್ಲಿ ಮೊಡವೆಯಂಥ ಗುಳ್ಳೆಗಳು, ಕೆಲವರಲ್ಲಿ ಕೂದಲು ಗುಂಗುರಾಗುವುದು, ಕಣ್ಣಿನ ಎವೆಗಳು ಉದ್ದವಾಗಿ ಡೊಂಕಾಗುವುದು. ಸುರುಳಿ ಮೀಸೆಯ ಇಲಿ ಅದನ್ನು ಮೊದಲೇ ಹೇಳಿತ್ತು.

ನನ್ನನ್ನು ಈ ವಿಷಯದಲ್ಲಿ ಹಿಡಿದು ನಿಲ್ಲಿಸಿದ್ದು ಇದೇ. ಗಡ್ಡೆ ತನ್ನದೇ ಆದ ಯಂತ್ರವನ್ನೇನೂ ಹೊಸದಾಗಿ ಕಟ್ಟಿಕೊಳ್ಳುವುದಿಲ್ಲ, ಭ್ರೂಣ ಬಳಸಿ ಬದಿಗಿಟ್ಟಿದ್ದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ಗಡ್ಡೆಯ ರಿಸೆಪ್ಟರಿಗೆ ಗುರಿಯಿಟ್ಟ ಔಷಧ ದೇಹದ ಬೇರೆಲ್ಲಿ ನೋವು ಮಾಡೀತು ಎಂಬ ಪ್ರಶ್ನೆಗೆ, ಆ ರಿಸೆಪ್ಟರ್ ಭ್ರೂಣದಲ್ಲಿ ಏನು ಕಟ್ಟಿತ್ತು ಎಂಬುದರಲ್ಲೇ ಎಷ್ಟೋ ಸಲ ಉತ್ತರ ಸಿಗುತ್ತದೆ. ಇದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಹರ್-2.

ಹರ್-2 ಕೂಡ ಇಜಿಎಫ್ ರಿಸೆಪ್ಟರಿನ ಕುಟುಂಬದ್ದೇ. ಅದರ ಇನ್ನೊಂದು ಹೆಸರು ನ್ಯೂ. 1980ರ ದಶಕದ ಆರಂಭದಲ್ಲಿ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿ ನರದ ಗಡ್ಡೆಯ ಡಿಎನ್ಎಯನ್ನು ಇಲಿಯ ಕೋಶಗಳಿಗೆ ಹಾಕಿ, ಅವು ಕ್ಯಾನ್ಸರ್ ಕೋಶಗಳಂತೆ ಬೆಳೆಯುವುದನ್ನು ಕಂಡರು. ಗಡ್ಡೆ ಇಲಿಯದಲ್ಲ, ಅದರ ದೊಡ್ಡ ನೆಂಟ ರ‍್ಯಾಟಿನದು. 1986ರಲ್ಲಿ ಗೊತ್ತಾದಂತೆ, ಎಲ್ಲ ಅನರ್ಥಕ್ಕೂ ಕಾರಣ ಪೊರೆಯೊಳಗೆ ಹೂತ ಭಾಗದಲ್ಲಿ ಬದಲಾದ ಒಂದೇ ಒಂದು ಅಮೈನೋ ಆಮ್ಲ. ವ್ಯಾಲೀನ್ ಇದ್ದಲ್ಲಿ ಗ್ಲುಟಾಮಿಕ್ ಆಮ್ಲ ಬಂದು ಕೂತಿತ್ತು, ಅಷ್ಟಕ್ಕೇ ರಿಸೆಪ್ಟರುಗಳು ಬಿಡಿಸಲಾರದಂತೆ ಜೋಡಿಯಾಗಿದ್ದವು. ಮನುಷ್ಯರ ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ, ಪ್ರತಿಗಳು ಹೆಚ್ಚುತ್ತವೆ. ಐದರಲ್ಲಿ ಸರಿಸುಮಾರು ಒಂದು ಗಡ್ಡೆಯಲ್ಲಿ ಹರ್-2 ಜೀನು ಮತ್ತೆ ಮತ್ತೆ ನಕಲಾಗಿ, ಕೋಶದ ಮೈತುಂಬ ಆ ರಿಸೆಪ್ಟರೇ ತುಂಬಿಕೊಳ್ಳುತ್ತದೆ. ಅದನ್ನು ಹಿಡಿಯುವ ಪ್ರತಿಕಾಯವನ್ನು ಮೊದಲು ಇಲಿಯಲ್ಲೇ ತಯಾರಿಸಿ, ಆಮೇಲೆ ಮನುಷ್ಯರ ದೇಹ ಒಪ್ಪುವಂತೆ ತಿದ್ದಿ ಮಾಡಿದ ಔಷಧವೇ ಟ್ರಾಸ್ಟುಜುಮ್ಯಾಬ್. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಎಷ್ಟೋ ಜೀವ ಉಳಿಸಿದೆ.

ಆದರೆ ಪರೀಕ್ಷೆಗಳ ವೇಳೆ ಯಾರೂ ಎಣಿಸದ ಕಡೆ ತೊಂದರೆ ಕಾಣಿಸಿತು: ಹೃದಯದಲ್ಲಿ. ಹಳೆಯ ಆಂತ್ರಸೈಕ್ಲಿನ್ ಔಷಧದ ಜೊತೆ ಟ್ರಾಸ್ಟುಜುಮ್ಯಾಬ್ ಕೊಟ್ಟವರಲ್ಲಿ ನೂರಕ್ಕೆ 27 ಮಂದಿಯ ಹೃದಯದ ಕೆಲಸ ಕುಂದಿತ್ತು. ಅದಿಲ್ಲದೆ ಹಳೆಯ ಔಷಧವನ್ನಷ್ಟೇ ಪಡೆದ ಗುಂಪಿನಲ್ಲಿ ಈ ಸಂಖ್ಯೆ 8. ಸ್ತನದ ಗಡ್ಡೆಗೆ ಗುರಿಯಿಟ್ಟ ಬಾಣಕ್ಕೂ ಹೃದಯಕ್ಕೂ ಏನು ನಂಟು? ಉತ್ತರ 1995ರಲ್ಲೇ ಅಚ್ಚಾಗಿತ್ತು. ಆ ವರ್ಷ ಒಂದೇ ಸಂಚಿಕೆಯಲ್ಲಿ ಮೂರು ನಾಕೌಟ್ ಇಲಿಗಳ ವರದಿ ಬಂದಿತ್ತು. ಒಂದರಲ್ಲಿ ಹರ್-2 ಇಲ್ಲ, ಒಂದರಲ್ಲಿ ಅದರ ಜೊತೆಗಾರ ಹರ್-4 ಇಲ್ಲ, ಇನ್ನೊಂದರಲ್ಲಿ ಇವನ್ನು ಕರೆಯುವ ನ್ಯೂರೆಗ್ಯುಲಿನ್ ಎಂಬ ಸಂಕೇತವೇ ಇಲ್ಲ. ಮೂರೂ ಭ್ರೂಣಗಳು ಹತ್ತು ಹನ್ನೊಂದನೇ ದಿನದ ಹೊತ್ತಿಗೆ ಸತ್ತಿದ್ದವು, ಮೂರರದ್ದೂ ಒಂದೇ ಕೊರತೆ. ಆರೋಗ್ಯವಂತ ಭ್ರೂಣದ ಹೃದಯದ ಒಳಗೋಡೆಯಿಂದ ಬೆರಳುಗಳಂತೆ ಸ್ನಾಯುವಿನ ಏಣುಗಳು ಮೂಡಿ ನಿಲ್ಲುತ್ತವೆ. ಈ ಭ್ರೂಣಗಳಲ್ಲಿ ಗೋಡೆ ನುಣ್ಣಗಿತ್ತು, ತೆಳ್ಳಗಿತ್ತು. ಬಡಿಯುವುದೇನೋ ಬಡಿಯುತ್ತಿತ್ತು, ರಕ್ತ ನೂಕುವ ಕಸುವಿರಲಿಲ್ಲ. ಹೃದಯದ ಒಳಪದರ ನ್ಯೂರೆಗ್ಯುಲಿನ್ ಸುರಿಸಬೇಕು, ಪಕ್ಕದ ಸ್ನಾಯುಕೋಶ ಹರ್-4 ಮತ್ತು ಹರ್-2 ಜೋಡಿಯಿಂದ ಅದನ್ನು ಕೇಳಿಸಿಕೊಳ್ಳಬೇಕು, ಆಗ ಮಾತ್ರ ಆ ಏಣುಗಳು ಎದ್ದಾವು. ಬೆಳೆದ ಹೃದಯವೂ ಈ ಮಾತುಕತೆಯನ್ನು ಪೂರ್ತಿ ಬಿಟ್ಟಿಲ್ಲ: 2002ರಲ್ಲಿ ಹೃದಯದ ಸ್ನಾಯುವಿನಲ್ಲಿ ಮಾತ್ರ ಹರ್-2 ತೆಗೆದ ಇಲಿಗಳು ಹುಟ್ಟಿ ಬೆಳೆದವು, ಆದರೆ ಬೆಳೆಯುತ್ತಾ ಅವುಗಳ ಹೃದಯ ಹಿಗ್ಗಿ ಸಡಿಲವಾಯಿತು. ಇಂದು ಆ ಔಷಧ ಪಡೆಯುವವರ ಹೃದಯವನ್ನು ಆಗಾಗ ಎಕೋ ಮಾಡಿ ನೋಡುವುದು ಇದಕ್ಕೇ.

ಇನ್ನೊಂದು ರಿಸೆಪ್ಟರಿನ ಕಥೆ ಹೊಟ್ಟೆಯ ಮೇಲಿನ ಬಿಳಿ ಮಚ್ಚೆಯಿಂದ ಶುರುವಾಗುತ್ತದೆ. ಇಲಿ ಸಾಕುವ ಹವ್ಯಾಸಿಗಳು ಜೀನಿನ ಸುದ್ದಿಯೇ ಇಲ್ಲದ ಕಾಲದಲ್ಲೇ ಆ ಮಚ್ಚೆಯ ಇಲಿಗಳನ್ನು ಮೆಚ್ಚಿ ಸಾಕುತ್ತಿದ್ದರು. ಈ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಇಲಿ ಪೂರ್ತಿ ಬಿಳಿಯಾಗುತ್ತದೆ, ಕಣ್ಣು ಮಾತ್ರ ಕಪ್ಪು. ಜೊತೆಗೆ ರಕ್ತಹೀನತೆ ಮತ್ತು ಬಂಜೆತನ. ಬಣ್ಣ, ರಕ್ತ, ಸಂತಾನ: ಈ ಮೂರಕ್ಕೂ ಏನು ಸಂಬಂಧ ಎಂಬುದು ದಶಕಗಳ ಒಗಟು. ಸ್ಟೀಲ್ ಎಂಬ ಇನ್ನೊಂದು ತಳಿಗೂ ಇವೇ ತೊಂದರೆಗಳು, ಆದರೆ ದೋಷವಿದ್ದದ್ದು ಬೇರೆ ಜೀನಿನಲ್ಲಿ. ಆಗ ಮಾಡಿದ ಒಂದು ಪ್ರಯೋಗ ಈ ಕ್ಷೇತ್ರದಲ್ಲೇ ನನಗೆ ಅತಿ ಇಷ್ಟವಾದದ್ದು. ಮಚ್ಚೆಯಿಲಿಗೆ ಆರೋಗ್ಯವಂತ ಇಲಿಯ ಅಸ್ಥಿಮಜ್ಜೆ ಕೊಟ್ಟರೆ ರಕ್ತಹೀನತೆ ವಾಸಿಯಾಯಿತು. ಸ್ಟೀಲ್ ಇಲಿಗೆ ಕೊಟ್ಟರೆ ಆಗಲಿಲ್ಲ. ಆದರೆ ಸ್ಟೀಲ್ ಇಲಿಯ ಮಜ್ಜೆಯನ್ನೇ ಮಚ್ಚೆಯಿಲಿಗೆ ಕೊಟ್ಟರೆ ಅದು ಚೇತರಿಸಿಕೊಂಡಿತು! ಅಂದರೆ ಒಂದರಲ್ಲಿ ಬೀಜ ಜೊಳ್ಳು, ಇನ್ನೊಂದರಲ್ಲಿ ನೆಲ ಬರಡು. 1988ರಲ್ಲಿ ಬೀಜದ ದೋಷ ಕಿಟ್ ಎಂಬ ರಿಸೆಪ್ಟರಿನಲ್ಲಿದೆ ಎಂದು ತಿಳಿಯಿತು, 1990ರಲ್ಲಿ ನೆಲದ ದೋಷ ಆ ಕಿಟ್ಟಿಗೆ ಕೂರುವ ಸಂಕೇತದಲ್ಲಿ ಎಂದು. ಬಣ್ಣದ ಕೋಶ, ರಕ್ತದ ಮೂಲಕೋಶ, ಅಂಡ-ವೀರ್ಯಗಳ ಮೂಲಕೋಶ ಮೂರೂ ಭ್ರೂಣದಲ್ಲಿ ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಪಯಣ ಹೊರಡುವಂಥವು. ದಾರಿಯಲ್ಲಿ ಸಾಯದೆ ಉಳಿಯಲು ಅವಕ್ಕೆ ಕಿಟ್ ಬೇಕು. ಬೆನ್ನಿನ ಕಡೆಯಿಂದ ಹೊರಟ ಬಣ್ಣದ ಕೋಶಗಳಿಗೆ ಎಲ್ಲಕ್ಕಿಂತ ದೂರ ಹೊಟ್ಟೆಯ ನಡುವು, ಹಾಗಾಗಿ ಬಿಳಿ ಉಳಿಯುವುದು ಅಲ್ಲೇ.

ಕರುಳಿನ ಗೋಡೆಯಲ್ಲಿ ಅದರ ಚಲನೆಗೆ ತಾಳ ಹಾಕುವ ಕೋಶಗಳೂ ಕಿಟ್ಟನ್ನು ನೆಚ್ಚಿಕೊಂಡಿವೆ. 1998ರಲ್ಲಿ ಜಪಾನಿನ ಸಂಶೋಧಕರು ಜಠರ ಮತ್ತು ಕರುಳಿನ ಒಂದು ಬಗೆಯ ಗಡ್ಡೆಯಲ್ಲಿ ಸದಾ ಚಾಲೂ ಇರುವಂತೆ ಕೆಟ್ಟ ಕಿಟ್ ಕಂಡರು. ಇಮ್ಯಾಟಿನಿಬ್ ಎಂಬ ಗುಳಿಗೆ ಅದನ್ನು ತಣಿಸುತ್ತದೆ. ಅದನ್ನು ತೆಗೆದುಕೊಂಡವರಲ್ಲಿ ಕೆಲವರ ಚರ್ಮದ ಬಣ್ಣ ತಿಳಿಯಾಗುತ್ತದೆ. ಮತ್ತೆ ಅದೇ ಮಚ್ಚೆ.

ಮೆಟ್ ಎಂಬ ರಿಸೆಪ್ಟರ್ ಇಲ್ಲದಿದ್ದರೆ ಸ್ನಾಯುವಿನ ಮೂಲಕೋಶಗಳು ಮೊಳೆಯುತ್ತಿರುವ ಕಾಲುಗಳೊಳಗೆ ನಡೆದು ಹೋಗುವುದೇ ಇಲ್ಲ, ಕಾಲಿನಲ್ಲಿ ಎಲುಬಿದ್ದರೂ ಮಾಂಸಖಂಡ ಇರುವುದಿಲ್ಲ. ಗಡ್ಡೆಯ ಕೋಶಗಳು ಊರು ಬಿಟ್ಟು ಬೇರೆ ಅಂಗಕ್ಕೆ ಹೊರಡುವಾಗಲೂ ಎಷ್ಟೋ ಸಲ ಮೆಟ್ ಜಾಗೃತವಾಗಿರುತ್ತದೆ. ರಕ್ತನಾಳ ಹೆಣೆಯುವ ವಿಇಜಿಎಫ್ ರಿಸೆಪ್ಟರ್-2 ಇಲ್ಲದ ಭ್ರೂಣ ಒಂಬತ್ತನೇ ದಿನದ ಸುಮಾರಿಗೆ ನಾಳವೂ ಇಲ್ಲದೆ ರಕ್ತವೂ ಇಲ್ಲದೆ ಸಾಯುತ್ತದೆ. ಗಡ್ಡೆಗಳು ತಮಗೆ ಬೇಕಾದ ನಾಳಗಳನ್ನು ಕರೆಸಿಕೊಳ್ಳುವುದೂ ಇದೇ ದಾರಿಯಲ್ಲಿ.

ಎಲ್ಲ ರಿಸೆಪ್ಟರುಗಳೂ ‘ಹೂಂ’ ಎನ್ನುವಂಥವೇ ಎಂದು ತಿಳಿಯಬೇಡಿ. ಪ್ಯಾಚ್ಡ್ ಎನ್ನುವುದು ತಡೆಯುವ ರಿಸೆಪ್ಟರ್. ಸುಮ್ಮನಿರುವಾಗ ಅದು ಪಕ್ಕದ ಸ್ಮೂದನ್ಡ್ ಎಂಬ ಪ್ರೊಟೀನಿನ ಬಾಯಿ ಮುಚ್ಚಿ ಹಿಡಿದಿರುತ್ತದೆ. ಸೋನಿಕ್ ಹೆಜ್‌ಹಾಗ್ ಎಂಬ ಸಂಕೇತ ಬಂದು ಪ್ಯಾಚ್ಡ್‌ಗೆ ಕೂತಾಗ ಆ ಹಿಡಿತ ಸಡಿಲುತ್ತದೆ. ಹೆಸರು ವಿಡಿಯೊ ಗೇಮಿನದೇ, ವಿಜ್ಞಾನಿಗಳ ತಮಾಷೆ. ಭ್ರೂಣದ ಮುಖ ಎಡಬಲವಾಗಿ ಬೇರ್ಪಡುವುದು ಈ ಸಂಕೇತದಿಂದ. ಅದಿಲ್ಲದ ಇಲಿಯ ಭ್ರೂಣಕ್ಕೆ ಎರಡು ಕಣ್ಣು ಮೂಡುವುದಿಲ್ಲ, ನಡುವೆ ಒಂದೇ. 1950ರ ದಶಕದಲ್ಲಿ ಅಮೆರಿಕದ ಐಡಹೋದಲ್ಲಿ ಒಕ್ಕಣ್ಣಿನ ಕುರಿಮರಿಗಳು ಹುಟ್ಟಿ ಕುರುಬರು ದಿಗಿಲಾಗಿದ್ದರು. ತಾಯಿಕುರಿಗಳು ಗಬ್ಬವಾದ ಎರಡನೇ ವಾರದಲ್ಲಿ ಮೇಯ್ದ ಕಾಡುಗಿಡವೊಂದರ ರಾಸಾಯನಿಕ ಅದಕ್ಕೆ ಕಾರಣವಾಗಿತ್ತು. ಸೈಕ್ಲೋಪಮೈನ್ ಎಂಬ ಆ ವಸ್ತು ಸ್ಮೂದನ್ಡ್ ಅನ್ನು ಅದುಮುತ್ತದೆ ಎಂದು ತಿಳಿದದ್ದು ಎಷ್ಟೋ ಕಾಲದ ನಂತರ. ಇದಕ್ಕೆ ತಿರುವುಮುರುವಾದದ್ದು 1997ರಲ್ಲಿ ಕಂಡಿತು. ಪ್ಯಾಚ್ಡ್‌ನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಲ್ಲಿ ಕೆಲವಕ್ಕೆ ಹಿಂಮಿದುಳಿನಲ್ಲಿ ಮೆಡುಲೋಬ್ಲಾಸ್ಟೋಮಾ ಎಂಬ ಗಡ್ಡೆ ಬೆಳೆಯಿತು. ಮುಚ್ಚಿ ಹಿಡಿಯುವ ಕೈ ಇಲ್ಲವಾದರೆ ಸ್ಮೂದನ್ಡ್ ನಿಲ್ಲಿಸುವುದೇ ಇಲ್ಲ. ಸ್ಮೂದನ್ಡ್ ತಡೆಯುವ ಔಷಧ 2012ರಲ್ಲಿ ಚರ್ಮದ ಒಂದು ಕ್ಯಾನ್ಸರಿಗೆ ಬಂತು. ಅದರ ಜೊತೆಗಿರುವ ಅತಿ ದೊಡ್ಡ ಎಚ್ಚರಿಕೆ, ಗರ್ಭಿಣಿಯರು ಹತ್ತಿರವೂ ಸುಳಿಯಬಾರದು ಎಂಬುದು. ಆ ಕುರಿಮರಿಗಳನ್ನು ಬಲ್ಲವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ನಾಚ್ ಎಂಬ ರಿಸೆಪ್ಟರ್ ಇನ್ನೂ ತಲೆ ತಿನ್ನುತ್ತದೆ. ಭ್ರೂಣದಲ್ಲಿ ಅಕ್ಕಪಕ್ಕದ ಕೋಶಗಳು ‘ನಾನು ಇದಾಗುತ್ತೇನೆ, ನೀನು ಬೇರೆಯಾಗು’ ಎಂದು ಪಾಲು ಹಂಚಿಕೊಳ್ಳುವುದು ಇದರಿಂದ. ಟಿ-ಕೋಶಗಳ ಒಂದು ರಕ್ತಕ್ಯಾನ್ಸರಿನಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳ ನಾಚ್-1 ಜೀನು ಅತಿಯಾಗಿ ಕೆಲಸ ಮಾಡುವಂತೆ ಬದಲಾಗಿರುತ್ತದೆ ಎಂದು 2004ರಲ್ಲಿ ತಿಳಿಯಿತು. ಹಾಗಾದರೆ ಅದನ್ನು ಅಳಿಸಿಬಿಡೋಣವೇ? ಅದಕ್ಕೂ ಒಂದು ವರ್ಷ ಮೊದಲೇ ಇಲಿಯ ಚರ್ಮದಲ್ಲಿ ನಾಚ್-1 ಅಳಿಸಿದಾಗ ಅಲ್ಲಿ ಗಡ್ಡೆಗಳು ಎದ್ದಿದ್ದವು. ರಕ್ತದಲ್ಲಿ ಬೆಳೆಸುವಂಥದ್ದು ಚರ್ಮದಲ್ಲಿ ‘ಬಲಿತು ನಿಲ್ಲು’ ಎನ್ನುತ್ತದೆ. ಕ್ಯಾನ್ಸರ್ ತರುವ ಜೀನು, ತಡೆಯುವ ಜೀನು ಎಂದು ಎರಡು ಪಟ್ಟಿ ಮಾಡಿಟ್ಟುಕೊಂಡವರು ಇದನ್ನು ಯಾವುದರಲ್ಲಿ ಬರೆಯುತ್ತಾರೋ ನಾನರಿಯೆ.

ಕೇಳಿಸಿಕೊಳ್ಳುವ ಕೋಶ ಎಲ್ಲಿ ಕೂತಿದೆ ಎಂಬುದಕ್ಕೆ ಇಷ್ಟು ಬೆಲೆಯಿದ್ದರೆ, ಕ್ಯಾನ್ಸರ್ ಕೋಶವನ್ನೇ ಎತ್ತಿ ಭ್ರೂಣದಲ್ಲಿ ಕೂರಿಸಿದರೆ? 1975ರಲ್ಲಿ ಫಿಲಡೆಲ್ಫಿಯಾದ ಬೀಟ್ರಿಸ್ ಮಿಂಟ್ಜ್ ಅದನ್ನೇ ಮಾಡಿದರು. ಅವರು ಆರಿಸಿಕೊಂಡದ್ದು ಟೆರಟೋಕಾರ್ಸಿನೋಮಾ ಎಂಬ ಗಡ್ಡೆಯ ಕೋಶಗಳನ್ನು. ಎಂಟು ವರ್ಷ ಇಲಿಯಿಂದ ಇಲಿಗೆ ದಾಟಿಸುತ್ತಾ, ಹೊಟ್ಟೆಯೊಳಗೆ ಗಡ್ಡೆಯಾಗಿಯೇ ಬದುಕಿಸಿಟ್ಟಿದ್ದ ಕೋಶಗಳವು, ಆದರೂ ಕ್ರೋಮೋಸೋಮುಗಳ ಸಂಖ್ಯೆ ಕೆಟ್ಟಿರಲಿಲ್ಲ. ಅವನ್ನು ಇನ್ನೂ ಗರ್ಭಕೋಶಕ್ಕೆ ಅಂಟಿಕೊಳ್ಳದ, ಟೊಳ್ಳು ಚೆಂಡಿನಂಥ ಭ್ರೂಣಗಳೊಳಗೆ ಚುಚ್ಚಿ ಬಾಡಿಗೆ ತಾಯಂದಿರಲ್ಲಿ ಬೆಳೆಸಿದರು. ಅದೇ ವರ್ಷ ಬ್ರಿಟನ್ನಿನ ಇನ್ನೊಂದು ತಂಡವೂ ಇಂಥದೇ ಪ್ರಯೋಗ ವರದಿ ಮಾಡಿತು. ಎಲ್ಲ ಕ್ಯಾನ್ಸರುಗಳೂ ಹೀಗೆ ಪಳಗುವುದಿಲ್ಲ. ಎರ್ಬ್‌-ಬಿಯಂತೆ ಕಿವಿಯೇ ಕತ್ತರಿಸಿಹೋದ ಕೋಶಕ್ಕೆ ಸುತ್ತಲಿನವರು ಏನು ಹೇಳಿದರೇನು? ಆದರೆ ಕೇಳುವ ಶಕ್ತಿ ಉಳಿಸಿಕೊಂಡಿದ್ದ ಆ ಗಡ್ಡೆಯ ಕೋಶಗಳು ಭ್ರೂಣದ ಮಾತು ಕೇಳಿದವು. ಹುಟ್ಟಿದ ಇಲಿಗಳು ಆರೋಗ್ಯವಾಗಿದ್ದವು, ಮೈಗೂದಲಿನಲ್ಲಿ ಎರಡು ಬಣ್ಣದ ಪಟ್ಟೆಗಳಿದ್ದವು. ಒಂದು ಬಣ್ಣ ಭ್ರೂಣದ ಸ್ವಂತ ಕೋಶಗಳದ್ದು, ಇನ್ನೊಂದು ಗಡ್ಡೆಯಿಂದ ಬಂದದ್ದು. ಆ ಪಟ್ಟೆಯಿಲಿಗಳಲ್ಲಿ ಒಂದು ಗಂಡು ದೊಡ್ಡದಾಗಿ ಮರಿಗಳಿಗೆ ತಂದೆಯಾಯಿತು. ಮರಿಗಳಲ್ಲಿ ಕೆಲವು ಹುಟ್ಟಿದ್ದು ಗಡ್ಡೆಯ ವಂಶದ ವೀರ್ಯಾಣುವಿನಿಂದ.